ಮಾತು ಬಿಟ್ಟವರ ಬೇಸಿಗೆ

ಬೇಸಿಗೆ ರಜೆಯ ಓದಿಗೆಂದೇ ಬರುವ ಇಂಗ್ಲಿಷ್ ಕಾದಂಬರಿಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಸಿಗುತ್ತದೆ. ಜೀವದ ಗೆಳತಿಯರಾಗಿದ್ದ ಇಬ್ಬರು ಯಾವುದೋ ಮುನಿಸಿಗೆ ದೂರವಾಗಿರುತ್ತಾರೆ. ಎಷ್ಟೋ ವರ್ಷಗಳ ಮೇಲೆ ಕಡಲ ದಂಡೆಯ ಮನೆಯೊಂದರಲ್ಲಿ ಜೊತೆಗಿರಬೇಕಾಗಿ ಬಂದು ಒಂದಾಗುತ್ತಾರೆ. ಇದೇ ಕಥೆಯನ್ನು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿಟ್ಟು ಬರೆಯುವವರಿಗೆ ಕಡಲೂ ಬೇಡ, ರಜೆಯೂ ಬೇಡ. ಹುಣಸೆಹಣ್ಣಿನ ಒಂದು ರಾಶಿ ಸಾಕು.

ತುಮಕೂರು ಸೀಮೆಯಲ್ಲಿ ಬೇಸಿಗೆಯೆಂದರೆ ಹುಣಸೆಯ ಕಾಲ. ಹಣ್ಣು ಬಡಿದು, ನಾರು ಬಿಡಿಸಿ, ಬೀಜ ತೆಗೆಯಲು ಹೆಂಗಸರು ಜಗಲಿಯ ಮೇಲೆ ಸುತ್ತ ಕೂರುತ್ತಾರೆ. ಮಾತು ಬಿಟ್ಟ ಇಬ್ಬರು ಅದೇ ರಾಶಿಯ ಆಚೆ ಈಚೆ ಕೂತರೆ ಸಂಭಾಷಣೆ ತಾನಾಗಿ ಹುಟ್ಟುತ್ತದೆ. ‘ಆ ಮೊರ ಇತ್ತಾಗೆ ತಳ್ಳು ಅಂತ ಹೇಳಕ್ಕಾ ಅವಳಿಗೆ’ ಎಂದು ಒಬ್ಬಳು ಮೂರನೆಯವಳಿಂದ ಹೇಳಿಸುತ್ತಾಳೆ. ಉತ್ತರವೂ ಅವಳ ಮೂಲಕವೇ ಬರುತ್ತದೆ. ‘ನಿಮ್ಮಿಬ್ರ ಮಧ್ಯ ನಾನ್ಯಾಕ್ರವ್ವ, ನೀವೇ ಮಾತಾಡ್ಕಳಿ’ ಎಂದು ಅವಳು ಎದ್ದು ಹೋದರೆ ಅರ್ಧ ರಾಜಿ ಆದಂತೆ.

ಮುನಿಸಿನ ಕಾರಣಗಳೂ ಇಲ್ಲಿನವೇ. ಗಂಡಂದಿರ ಬದುವಿನ ಜಗಳ ಹೆಂಡತಿಯರ ಗೆಳೆತನವನ್ನು ನುಂಗುತ್ತದೆ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಗುಂಪುಗಳು ಬಂದ ಮೇಲೆ ಹಳ್ಳಿಯ ಹೆಂಗಸರಿಗೆ ವಾರಕ್ಕೊಮ್ಮೆ ಕೂತು ಮಾತಾಡುವ ಜಾಗ ಸಿಕ್ಕಿತು. ಒಬ್ಬಳು ಸಾಲದ ಕಂತು ತಪ್ಪಿಸಿದಾಗ ಉಳಿದವರು ಅವಳ ಮನೆ ಬಾಗಿಲಿಗೆ ಹೋಗಬೇಕಾದ ಸಂಕಟವೂ ಅದರ ಜೊತೆಗೇ ಬಂತು.

ಆದರೂ ಜಗಳಕ್ಕಿಂತ ಹೆಚ್ಚು ಗೆಳತಿಯರನ್ನು ಅಗಲಿಸಿದ್ದು ಮದುವೆ. ವೈದೇಹಿಯವರ ‘ಅಮ್ಮಚ್ಚಿಯೆಂಬ ನೆನಪು’ ಕಥೆಯಲ್ಲಿ ಅಮ್ಮಚ್ಚಿಯ ಬದುಕು ನಮಗೆ ಕಾಣುವುದು ಅವಳ ಬಾಲ್ಯದ ಗೆಳತಿಯ ಕಣ್ಣಿನಿಂದ. ಚಂಪಾ ಶೆಟ್ಟಿಯವರು ಅದನ್ನು 2018ರಲ್ಲಿ ತೆರೆಗೂ ತಂದರು. ಜೊತೆಯಲ್ಲಿ ಆಡಿ ಬೆಳೆದವಳನ್ನು ಬೇರೆಯವರ ಇಷ್ಟಕ್ಕೆ ಕಳೆದುಕೊಳ್ಳುವ ನೋವು ಆ ಕಥೆಯ ಕುಂದಾಪುರದ ಕಡೆ ಹೇಗೋ ಕೊತ್ತಗೆರೆಯಲ್ಲೂ ಹಾಗೆಯೇ. ಗಂಡಸರ ಗೆಳೆತನಕ್ಕೆ ಊರಿನ ಅರಳಿಕಟ್ಟೆ ಕಾಯಂ ಆಗಿ ಉಳಿಯುತ್ತದೆ. ಹೆಣ್ಣುಮಕ್ಕಳಿಗೆ ಊರೇ ಬದಲಾಗುತ್ತದೆ. ಬಸ್ ಚಾರ್ಜಿಗೂ ಗಂಡನ ಮುಂದೆ ಕೈ ಚಾಚಬೇಕಾದವಳು ಗೆಳತಿಯನ್ನು ನೋಡಲು ಹೋಗುತ್ತೇನೆಂದು ಯಾವ ಬಾಯಲ್ಲಿ ಕೇಳಿಯಾಳು?

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯನ್ನು ನಾನು ಈ ಕಣ್ಣಿನಿಂದ ನೋಡುತ್ತೇನೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತವಾದಾಗ ಧರ್ಮಸ್ಥಳದ ದಟ್ಟಣೆಯ ಸುದ್ದಿಯೇ ಹೆಚ್ಚಾಯಿತು. ಕೊತ್ತಗೆರೆಯಿಂದ ಗುಬ್ಬಿಗೋ ತುಮಕೂರಿಗೋ ಗೆಳತಿಯನ್ನು ಹುಡುಕಿಕೊಂಡು ಹೋಗಲು ಇನ್ನು ಯಾರ ಮುಂದೂ ಕೈ ಚಾಚಬೇಕಿಲ್ಲ ಎಂಬುದೂ ಅಷ್ಟೇ ದೊಡ್ಡ ಸಂಗತಿ.

ಕನ್ನಡದ ಲೇಖಕಿಯರು ಅತ್ತೆ-ಸೊಸೆ, ತಾಯಿ-ಮಗಳ ಸಂಬಂಧಗಳನ್ನು ಆಳವಾಗಿ ಬರೆದಿದ್ದಾರೆ. ಮುರಿದ ಗೆಳೆತನವನ್ನೇ ನಡುಮನೆಯಲ್ಲಿ ಕೂರಿಸಿದ ಕಾದಂಬರಿಗಳು ನಮಗಿನ್ನೂ ಬೇಕು. ಅದನ್ನು ಯಾರಾದರೂ ಬರೆಯಲಿ. ಅಲ್ಲಿಯವರೆಗೆ ಕಾಯಬೇಡಿ ಅಕ್ಕಂದಿರೇ. ಮಾತು ಬಿಟ್ಟ ಗೆಳತಿ ನಿಮಗೂ ಒಬ್ಬಳಿದ್ದರೆ ಈ ಬೇಸಿಗೆ ಮುಗಿಯುವುದರೊಳಗೆ ಅವಳ ಊರಿನ ಬಸ್ ಹತ್ತಿ. ಮೊದಲು ಮಾತಾಡಿದವರು ಸೋತವರಲ್ಲ.