ಸ್ಪೀಕರ್ ಕುರ್ಚಿಗೆ ನಿಲ್ಲೋದು ಹೆಂಗ? ಮಸ್ಕಿಯ 644 ದಿನದ ಲೆಕ್ಕ

ಹಿಂದಿನ ಕಂತು ಕೇಳಿದ ಗೊರೇಬಾಳದ ಹುಡುಗನೊಬ್ಬ ವಾಯ್ಸ್ ಮೆಸೇಜ್ ಕಳಿಸಿದ್ದ. "ಅಣ್ಣಾ, ಎಮ್ಮೆಲ್ಲೆ ಎಲೆಕ್ಷನ್ ಗೊತ್ತು, ಪಂಚಾಯ್ತಿ ಎಲೆಕ್ಷನ್ ಗೊತ್ತು. ಈ ಸ್ಪೀಕರ್ ಎಲೆಕ್ಷನ್ ಯಾವಾಗ ಆಗ್ತೈತಿ? ನಾವ್ಯಾಕ ಓಟು ಹಾಕಿಲ್ಲ?" ಅಂತ. ಪ್ರಶ್ನೆ ಚೊಲೋ ಐತಿ. ಅದರ ಉತ್ತರ ನಮ್ಮ ಮಸ್ಕಿಗೇ ಬಂದು ಮುಟ್ಟತೈತಿ, ಅದಕ್ಕ ಪೂರ್ತಿ ಕೇಳ್ರಿ.

ಗ್ರಾಮ ಪಂಚಾಯ್ತಿ ನೆನಪು ಮಾಡ್ಕೊಳ್ರಿ. ನಾವು ಮೆಂಬರ್ ಆರಿಸ್ತೀವಿ, ಅವರು ಒಳಗ ಕೂತು ಅಧ್ಯಕ್ಷರನ್ನ ಆರಿಸ್ತಾರ. ವಿಧಾನಸಭೆಯಲ್ಲೂ ಹಂಗ. ಸಂವಿಧಾನದ 178ನೇ ವಿಧಿ ಪ್ರಕಾರ ಶಾಸಕರು ತಮ್ಮೊಳಗಿನ ಇಬ್ಬರನ್ನ ಸಭಾಧ್ಯಕ್ಷ ಮತ್ತು ಉಪಸಭಾಧ್ಯಕ್ಷ ಅಂತ ಆರಿಸಬೇಕು. ಅಂದ್ರ ಸ್ಪೀಕರ್ ಆಗಬೇಕಂದ್ರ ಮೊದಲು ಎಮ್ಮೆಲ್ಲೆ ಆಗಬೇಕು, ಅದಕ್ಕ 25 ವರ್ಷ ತುಂಬಿರಬೇಕು. ನಮ್ಮ ಕಡೆ ಇನ್ನೊಂದು ಲೆಕ್ಕ ಐತಿ: ಮಸ್ಕಿ ಪರಿಶಿಷ್ಟ ಪಂಗಡಕ್ಕ ಮೀಸಲು, ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲು, ಸಿಂಧನೂರು ಸಾಮಾನ್ಯ.

ಹೊಸ ಸಭೆ ಸೇರಿದಾಗ ಕುರ್ಚಿ ಖಾಲಿ ಇರತೈತಿ. ಅದಕ್ಕ ರಾಜ್ಯಪಾಲರು ಒಬ್ಬ ಹಂಗಾಮಿ ಸ್ಪೀಕರ್ ನೇಮಿಸ್ತಾರ. 2018ರಲ್ಲಿ ಕೆ.ಜಿ. ಬೋಪಯ್ಯ, 2023ರಲ್ಲಿ ಆರ್.ವಿ. ದೇಶಪಾಂಡೆ. ಶಾಸಕರ ಪ್ರಮಾಣವಚನ ಇವರ ಮುಂದೆನೇ. ಆಮೇಲೆ ಸ್ಪೀಕರ್ ಚುನಾವಣೆ. ಹಿಂದಿನ ದಿನ ನಾಮಪತ್ರ. ಹೆಸರು ಸೂಚಿಸಾಕ ಒಬ್ಬರು, ಅನುಮೋದಿಸಾಕ ಇನ್ನೊಬ್ಬರು ಬೇಕು. ಬ್ಯಾನರ್ ಇಲ್ಲ, ಡಿಜೆ ಇಲ್ಲ, ಊರೂರು ತಿರುಗೋದಿಲ್ಲ. 2023ರ ಮೇ 24ರಂದು ಯು.ಟಿ. ಖಾದರ್ ಹೆಸರನ್ನ ಮುಖ್ಯಮಂತ್ರಿ ಸಿದ್ದರಾಮಯ್ಯ ಸೂಚಿಸಿದ್ರು, ಡಿ.ಕೆ. ಶಿವಕುಮಾರ್ ಅನುಮೋದಿಸಿದ್ರು. ಎದುರಿಗೆ ಯಾರೂ ನಿಂತಿರಲಿಲ್ಲ, ಅವಿರೋಧ ಆಯ್ಕೆ.

ನಿಂತು ಹಿಂದ ಸರಿದದ್ದೂ ಐತಿ. 2018ರ ಮೇ ತಿಂಗಳಲ್ಲಿ ಕಾಂಗ್ರೆಸ್–ಜೆಡಿಎಸ್ ಕಡೆಯಿಂದ ಕೆ.ಆರ್. ರಮೇಶ್ ಕುಮಾರ್, ಬಿಜೆಪಿಯಿಂದ ಎಸ್. ಸುರೇಶ್ ಕುಮಾರ್ ನಾಮಪತ್ರ ಹಾಕಿದ್ರು. ಬಿಜೆಪಿ 104 ಸೀಟಿನ ಅತಿ ದೊಡ್ಡ ಪಕ್ಷ, ಆದ್ರ ಕಾಂಗ್ರೆಸ್‌ನ 78, ಜೆಡಿಎಸ್‌ನ 37 ಕೂಡಿದ್ರ ಅದಕ್ಕಿಂತ ಹೆಚ್ಚು. ಮೇ 25ರಂದು ಸುರೇಶ್ ಕುಮಾರ್ ವಾಪಸ್ ತಗೊಂಡ್ರು. ಸ್ಪೀಕರ್ ಕುರ್ಚಿಗೆ ಜಗಳ ಆಗಿತ್ತು ಅನ್ನೋದು ಸಂಪ್ರದಾಯಕ್ಕ ಚಂದ ಕಾಣಲ್ಲ ಅಂತಾರ. ನನಗನಿಸೋದು, ಸೋಲೋದು ಖಾತ್ರಿ ಇದ್ದಾಗ ಸಂಪ್ರದಾಯ ಬೇಗ ನೆನಪಾಗ್ತೈತಿ.

ಈ ಕುರ್ಚಿಗೆ ಇಷ್ಟ್ಯಾಕ ಬೆಲೆ? ಮಾಮೂಲಿ ಮತದಾನದಾಗ ಸ್ಪೀಕರ್ ಓಟು ಹಾಕಂಗಿಲ್ಲ, ಎರಡೂ ಕಡೆ ಸಮ ಆದ್ರ ಮಾತ್ರ ಹಾಕಬಹುದು. ಆದ್ರ 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನು, ಅಂದ್ರ ಸಂವಿಧಾನದ 10ನೇ ಅನುಸೂಚಿ, ಒಂದು ದೊಡ್ಡ ಅಧಿಕಾರ ಕೊಟ್ಟಿತು: ಪಕ್ಷ ಬಿಟ್ಟ ಶಾಸಕನನ್ನ ಅನರ್ಹ ಮಾಡಬೇಕೋ ಬ್ಯಾಡೋ ಅನ್ನೋದು ಸ್ಪೀಕರ್ ತೀರ್ಮಾನ. ಯಾವುದೋ ಪಕ್ಷದಿಂದ ಗೆದ್ದು ಬಂದವರೇ ಈಗ ನ್ಯಾಯಾಧೀಶರು.

ಇಲ್ಲಿಂದ ಮಸ್ಕಿ ಕತಿ. 2018ರಲ್ಲಿ ಮಸ್ಕಿಯಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲ್, ಬಿಜೆಪಿಯ ಬಸನಗೌಡ ತುರವಿಹಾಳ ವಿರುದ್ಧ ಗೆದ್ದದ್ದು ಬರೇ 213 ಓಟಿನಿಂದ. 2019ರ ಜುಲೈನಲ್ಲಿ ಮೈತ್ರಿ ಪಕ್ಷಗಳ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ರು, ಅದರಾಗ ಪ್ರತಾಪಗೌಡರೂ ಇದ್ರು. ಸ್ಪೀಕರ್ ರಮೇಶ್ ಕುಮಾರ್ ತಕ್ಷಣ ಅಂಗೀಕರಿಸಲಿಲ್ಲ. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತು. ಜುಲೈ 25ಕ್ಕೆ ಮೂವರು, 28ಕ್ಕೆ 14 ಮಂದಿ ಅನರ್ಹ. ಮಸ್ಕಿ ಹೆಸರು ಎರಡನೇ ಪಟ್ಟಿಯಲ್ಲಿತ್ತು.

ಬಿಕಾಂ ಓದಿದವನ ಚಾಳಿ, ಲೆಕ್ಕ ಹಾಕದೇ ಬಿಡಂಗಿಲ್ಲ. 224ರಲ್ಲಿ 17 ಕಳೆದ್ರ 207. ಬಹುಮತಕ್ಕ 104 ಸಾಕು. ಬಿಜೆಪಿ ಹತ್ರ 105 ಇತ್ತು. ಅನರ್ಹ ಮಾಡಿದ್ದು ಕಾಂಗ್ರೆಸ್‌ನಿಂದ ಬಂದ ಸ್ಪೀಕರ್, ಅದರಿಂದ ಮನೆಯ ಒಟ್ಟು ಸಂಖ್ಯೆ ಇಳಿದು ಯಡಿಯೂರಪ್ಪನವರ ಲೆಕ್ಕ ಕೂಡಿತು. ಜುಲೈ 29ಕ್ಕೆ ಅವರು ವಿಶ್ವಾಸಮತ ಗೆದ್ರು, ಅದೇ ದಿನ ರಮೇಶ್ ಕುಮಾರ್ ರಾಜೀನಾಮೆ ಕೊಟ್ರು. ಸ್ಪೀಕರ್ ರಾಜೀನಾಮೆ ಪತ್ರ ಹೋಗೋದು ರಾಜ್ಯಪಾಲರಿಗಲ್ಲ, ಉಪಸಭಾಧ್ಯಕ್ಷರಿಗೆ. ಕೊಡದೇ ಕೂತಿದ್ರ ತೆಗೀಬಹುದಿತ್ತು, ಆದ್ರ 14 ದಿನದ ನೋಟಿಸು ಬೇಕು. ಹಾಜರಿದ್ದವರಲ್ಲ, ಆಗ ಇರೋ ಒಟ್ಟು ಸದಸ್ಯರ ಬಹುಮತ ಬೇಕು. ಜುಲೈ 31ಕ್ಕೆ ವಿಶ್ವೇಶ್ವರ ಹೆಗಡೆ ಕಾಗೇರಿ ಅವಿರೋಧವಾಗಿ ಬಂದ್ರು.

ಅನರ್ಹರು ಸುಪ್ರೀಂ ಕೋರ್ಟಿಗೆ ಹೋದ್ರು. ನವೆಂಬರ್ 13ರಂದು ಕೋರ್ಟು ಹೇಳಿದ್ದು: ಅನರ್ಹತೆ ಸರಿ, ಆದ್ರ ಸಭೆಯ ಅವಧಿ ಮುಗಿಯೋ ತನಕ ಚುನಾವಣೆಗೆ ನಿಲ್ಲಬಾರದು ಅನ್ನೋ ಅಧಿಕಾರ ಸ್ಪೀಕರ್‌ಗಿಲ್ಲ. ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಿಗೆ ಉಪಚುನಾವಣೆ. ಮಸ್ಕಿ ಮತ್ತು ರಾಜರಾಜೇಶ್ವರಿನಗರ ಮಾತ್ರ ಉಳಿದವು, ಯಾಕಂದ್ರ 2018ರ ಫಲಿತಾಂಶದ ಮೇಲಿನ ತಕರಾರು ಹೈಕೋರ್ಟಿನಲ್ಲಿತ್ತು. ರಾಜರಾಜೇಶ್ವರಿನಗರಕ್ಕೆ 2020ರ ನವೆಂಬರ್‌ನಲ್ಲಿ ಮತದಾನ ಆತು. ನಮ್ಮ ಮಸ್ಕಿಗೆ 2021ರ ಏಪ್ರಿಲ್ 17, ಎಣಿಕೆ ಮೇ 2.

ಅನರ್ಹತೆಯಿಂದ ಎಣಿಕೆ ತನಕ 644 ದಿನ. ಅಷ್ಟು ದಿನ ಮಸ್ಕಿ ಪರ ವಿಧಾನಸಭೆಯಲ್ಲಿ ಪ್ರಶ್ನೆ ಕೇಳೋ ಎಮ್ಮೆಲ್ಲೆ ಇರಲಿಲ್ಲ. ನೀರಾವರಿ ಇರಲಿ, ರಸ್ತೆ ಇರಲಿ, ಕೋವಿಡ್ ಮೊದಲ ಅಲೆ ಇರಲಿ. ಎಲ್ಲಾ ತಪ್ಪು ಸ್ಪೀಕರ್ ಮ್ಯಾಲೆ ಹಾಕೋದು ನ್ಯಾಯ ಅಲ್ಲ: ರಾಜೀನಾಮೆ ಅಂಗೀಕಾರ ಆಗಿದ್ರೂ ಸೀಟು ಖಾಲಿನೇ, ತಡ ಆಗಿದ್ದು ಕೋರ್ಟ್ ಕೇಸಿನಿಂದ. ಆದ್ರ ಓಟು ಹಾಕಿದ ಮಂದಿಯನ್ನ ಯಾವ ಹಂತದಲ್ಲೂ ಯಾರೂ ಕೇಳಲಿಲ್ಲ.

ಕೊನೀಗೆ ಕೇಳಿದಾಗ ಅದೇ ಇಬ್ಬರು ಎದುರಾದ್ರು, ಪಕ್ಷ ಅದಲುಬದಲು! ಪ್ರತಾಪಗೌಡರು ಬಿಜೆಪಿ, ತುರವಿಹಾಳರು ಕಾಂಗ್ರೆಸ್. ಹಿಂದ 213 ಇದ್ದ ಅಂತರ ಈ ಸಲ 30,606, ಗೆದ್ದವರು ತುರವಿಹಾಳ.

ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು. ಇನ್ನೊಬ್ಬಾಕಿ ತಂಗಿ ಕೇಳ್ಯಾಳ, "ಹೆಣ್ಮಕ್ಕಳು ಯಾರಾದ್ರೂ ಸ್ಪೀಕರ್ ಆಗ್ಯಾರೇನು?" ಅಂತ. ಒಬ್ಬರೇ: ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ, 1972ರಿಂದ 1978ರ ತನಕ. ಅವರ ಕತಿ ಮುಂದಿನ ಕಂತಿನಲ್ಲಿ ಹೇಳ್ತೀನಿ, ಇಯರ್‌ಫೋನ್ ಚಾರ್ಜ್ ಮಾಡಿಟ್ಕೊಳ್ರಿ.