ಜೀವಂತ ಕೃಷಿ ಸಂಗ್ರಹಾಲಯ: ಎತ್ತಿನ ಕ್ಷೇಮವೇ ಮೂಲ ಬಂಡವಾಳ

ಹಂಪಿಯನ್ನು ಕಂಡು ಹೊಸಪೇಟೆಯಿಂದ ಕೊಪ್ಪಳದತ್ತ ಹೊರಟ ಪ್ರವಾಸಿಗೆ ತುಂಗಭದ್ರೆಯನ್ನು ದಾಟಿದ ಬಳಿಕ ಮುನಿರಾಬಾದ್, ಹಿಟ್ನಾಳಗಳ ಸೀಮೆ ಎದುರಾಗುತ್ತದೆ. ರಂಟೆ, ಕುಂಟೆ, ಕೂರಿಗೆ, ಚಕ್ಕಡಿಗಳು ಈ ಭಾಗದ ಬೇಸಾಯಕ್ಕೆ ಆಧಾರವಾಗಿದ್ದ ಕಾಲವೊಂದಿತ್ತು. ಇಂದು ಉಳುಮೆ ಮತ್ತು ಸಾಗಾಟದ ಬಹುಭಾಗ ಟ್ರ್ಯಾಕ್ಟರಿನ ಪಾಲಾಗಿದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ನಾಡ ತಳಿಯ ದನಗಳ ಸಂಖ್ಯೆ 2012ಕ್ಕೆ ಹೋಲಿಸಿದರೆ ಶೇ. 6ರಷ್ಟು ಇಳಿದು 14.21 ಕೋಟಿಗೆ ನಿಂತಿತು.

ಮರೆಯಾಗುತ್ತಿರುವುದನ್ನು ಕಾಣಲು ಜನ ದೂರದಿಂದ ಬರುತ್ತಾರೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 1891ರಲ್ಲಿ ಆರಂಭವಾದ ‘ಸ್ಕಾನ್ಸೆನ್’ ಬಯಲು ಸಂಗ್ರಹಾಲಯ ಹಳೆಯ ಮನೆಗಳೊಡನೆ ನಾಡ ತಳಿಯ ಸಾಕುಪ್ರಾಣಿಗಳನ್ನೂ ಇರಿಸಿಕೊಂಡು, ಇಂತಹ ಸಂಸ್ಥೆಗಳಿಗೆ ದಾರಿ ತೋರಿತು. ಹಂಪಿಯ ಆಸುಪಾಸಿನಲ್ಲಿಯೂ ಕೃಷಿ ಪ್ರವಾಸೋದ್ಯಮಕ್ಕೆ ಅವಕಾಶವಿದೆ. ಆದರೆ ಈ ಉದ್ಯಮಕ್ಕೆ ಕೈಹಾಕುವವರು ಒಂದು ವಿಷಯವನ್ನು ಮೊದಲೇ ಮನಗಾಣಬೇಕು. ಕಂಚಿನ ವಿಗ್ರಹಕ್ಕೆ ಧೂಳು ಒರೆಸಿದರೆ ಸಾಕು; ಎತ್ತಿಗೆ ಹಸಿವು, ಬಾಯಾರಿಕೆ, ನೋವು, ಮುಪ್ಪುಗಳಿವೆ.

ಉಳಿಸಬೇಕಾದುದು ಏನು?

ಹಳೆಯದನ್ನು ಇದ್ದಂತೆಯೇ ತೋರಿಸಬೇಕೆಂದರೆ ಎತ್ತಿನ ಹೆಗಲ ಹುಣ್ಣನ್ನೂ ತೋರಿಸಬೇಕೆ? ಈ ಪ್ರಶ್ನೆಗೆ ಉತ್ತರ ಕರ್ನಾಟಕದಲ್ಲಿಯೇ ದೊರೆತಿದೆ. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ (ಐ.ಐ.ಎಂ.) ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿ ಅವರು 1970ರ ದಶಕದಲ್ಲಿಯೇ ಎತ್ತಿನ ಗಾಡಿಯನ್ನು ಆಡಳಿತ ಶಾಸ್ತ್ರದ ಅಧ್ಯಯನಕ್ಕೆ ತಂದರು. ಸಾಂಪ್ರದಾಯಿಕ ಬಂಡಿಯ ಭಾರ ಎತ್ತಿನ ಕತ್ತಿನ ಮೇಲೆ ಬೀಳುತ್ತದೆ. ಒರಟು ಮರದ ನೊಗ ಕತ್ತಿನ ಕಿರಿದಾದ ಭಾಗವನ್ನಷ್ಟೇ ಒತ್ತಿ ಉಜ್ಜುತ್ತದೆ. ಕಬ್ಬಿಣದ ಪಟ್ಟಿಯ ಗಾಲಿ ಎಳೆತವನ್ನು ಹೆಚ್ಚಿಸುತ್ತದೆ. ಭಾರದ ಸಮತೋಲನ, ಹಗುರ ಚೌಕಟ್ಟು, ನಯವಾದ ನೊಗ, ಸುಧಾರಿತ ಗಾಲಿ ಇವುಗಳಿಂದ ಪ್ರಾಣಿಯ ನೋವು ತಗ್ಗುವುದಲ್ಲದೆ ಅದೇ ಜೋಡಿ ಹೆಚ್ಚು ಸರಕನ್ನು ಸಾಗಿಸುತ್ತದೆ. ದಯೆಗೂ ಲಾಭಕ್ಕೂ ಇಲ್ಲಿ ವಿರೋಧವಿಲ್ಲ.

ಕಾನೂನು ಕೂಡ ಇದನ್ನು ಗುರುತಿಸಿದೆ. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಮೇಲಿನ ಹಿಂಸೆಯನ್ನು ತಡೆಯುವ 1965ರ ನಿಯಮಗಳ ಅನ್ವಯ, ಎರಡು ಗಾಲಿಯ ಎತ್ತಿನ ಬಂಡಿಗೆ ಗಾಳಿ ತುಂಬಿದ ಟೈರುಗಳಿದ್ದರೆ, ಇಲ್ಲದ ಬಂಡಿಗಿಂತ ಒಂದೂವರೆ ಪಟ್ಟು ಭಾರ ಹೇರಬಹುದು. ಬಾಲ್ ಬೇರಿಂಗ್ ಇದ್ದರೆ ಎರಡು ಪಟ್ಟು. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ನೊಗ ಹೂಡುವಂತಿಲ್ಲ. ಕೊಪ್ಪಳದ ಬೇಸಿಗೆಯನ್ನು ಬಲ್ಲವರಿಗೆ ಈ ನಿಯಮದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಪ್ರವಾಸಿಗಳಿಗಾಗಿ ಏರ್ಪಡಿಸುವ ಉಳುಮೆಯ ಪ್ರದರ್ಶನ, ಚಕ್ಕಡಿ ಸವಾರಿಗಳು ಮುಂಜಾನೆಗೆ ಮತ್ತು ಇಳಿಹೊತ್ತಿಗೆ ಸೀಮಿತವಾಗಬೇಕು.

ಅಮೃತಮಹಲಿನ ಪಾಠ

ಪ್ರಾಣಿಕ್ಷೇಮವು ಹೊರಗಿನಿಂದ ಬಂದ ಕಲ್ಪನೆಯೆಂಬ ಮಾತೂ ನಿಲ್ಲುವುದಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ (1672–1704) ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆಯಿತು. ಈ ಹಿಂಡುಗಳಿಗಾಗಿ ಮೀಸಲಿಟ್ಟ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಲಾಗಿತ್ತು. ಋತುವಿಗೆ ತಕ್ಕಂತೆ ಹುಲ್ಲು, ನೀರು, ನೆರಳು ಇರುವೆಡೆಗೆ ಹಿಂಡು ಸಾಗುತ್ತಿತ್ತು. ಸೈನ್ಯದ ಸಾಗಾಟಕ್ಕೆ ಹೆಸರಾದ ಆ ಎತ್ತುಗಳ ವೇಗ ಮತ್ತು ತಾಳಿಕೆಯ ಹಿಂದೆ ಈ ವ್ಯವಸ್ಥೆಯಿತ್ತು.

1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಈ ಇಲಾಖೆಯನ್ನು ವಿಸರ್ಜಿಸಲಾಯಿತು. ತಪ್ಪಿನ ಅರಿವಾಗಿ ಕೆಲವೇ ವರ್ಷಗಳಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. ಮಾರುವುದು ಸುಲಭ, ಮರಳಿ ಕೂಡಿಸುವುದು ಕಷ್ಟ ಎಂಬುದು ಅಂದಿನ ಲೆಕ್ಕಪತ್ರ ಕಲಿಸಿದ ಪಾಠ. ಇಂದು ಅಜ್ಜಂಪುರದ ಸರ್ಕಾರಿ ತಳಿ ಸಂವರ್ಧನಾ ಕೇಂದ್ರದಲ್ಲಿ ಈ ತಳಿ ಉಳಿದಿದೆ. ಆದರೆ ಕಾವಲುಗಳು ಕುಗ್ಗಿವೆ; ಚಳ್ಳಕೆರೆ ತಾಲ್ಲೂಕಿನ ಸಾವಿರಾರು ಎಕರೆ ಹುಲ್ಲುಗಾವಲು 2000ರ ದಶಕದ ಕೊನೆಯ ವೇಳೆಗೆ ಅನ್ಯ ಉದ್ದೇಶಗಳಿಗೆ ಹಂಚಿಕೆಯಾಯಿತು. ಹುಲ್ಲುಗಾವಲಿಲ್ಲದ ತಳಿ ಸಂರಕ್ಷಣೆ, ಗೋದಾಮಿಲ್ಲದ ದಾಸ್ತಾನಿನಂತೆ.

ಪರಂಪರೆಗೂ ಷರತ್ತುಂಟು

ಕಂಬಳ ಮತ್ತು ಎತ್ತಿನ ಗಾಡಿ ಓಟಗಳಿಗೆ ಅವಕಾಶ ನೀಡಿದ ಕರ್ನಾಟಕದ ತಿದ್ದುಪಡಿ ಕಾಯಿದೆಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ಆದರೆ ಪ್ರಾಣಿಗಳ ನೋವನ್ನು ತಗ್ಗಿಸುವ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂಬುದೂ ಆ ತೀರ್ಪಿನ ಭಾಗವಾಗಿದೆ. ಸಂಪ್ರದಾಯವೆಂಬ ಒಂದೇ ಕಾರಣಕ್ಕೆ ಬಾರಕೋಲಿನ ಮೊಳೆಗೆ ಮಾನ್ಯತೆ ದೊರೆಯುವುದಿಲ್ಲ.

ಆದುದರಿಂದ ಕೃಷಿ ಸಂಗ್ರಹಾಲಯದ ಯೋಜನಾ ವರದಿಯಲ್ಲಿ ಕಟ್ಟಡದ ವೆಚ್ಚಕ್ಕಿಂತ ಮೊದಲು ಪ್ರಾಣಿಗಳ ವೆಚ್ಚ ಬರಬೇಕು. ಒಂದು ಜೋಡಿ ದುಡಿಯುವಾಗ ಇನ್ನೊಂದು ವಿಶ್ರಮಿಸುವಂತೆ ಕನಿಷ್ಠ ಎರಡು ಜೋಡಿ ಎತ್ತುಗಳು, ಗಾಳಿಯಾಡುವ ಕೊಟ್ಟಿಗೆ, ಬೇಸಿಗೆಗೆ ಸಾಲುವ ಮೇವಿನ ಬಣವೆ, ಕಾಲಕಾಲಕ್ಕೆ ಲಾಳ, ಕಾಲುಬಾಯಿ ಬೇನೆ, ಗಳಲೆ ಮತ್ತು ಚರ್ಮಗಂಟು ರೋಗಗಳಿಗೆ ಲಸಿಕೆ ಇವು ಅತ್ಯಗತ್ಯ. ಸಂದರ್ಶಕರು ಮನಬಂದಂತೆ ಅನ್ನ, ಸಿಹಿ ತಿನ್ನಿಸಿದರೆ ದನದ ಹೊಟ್ಟೆ ಕೆಡುತ್ತದೆ. ಬಿಸಾಡಿದ ಪ್ಲಾಸ್ಟಿಕ್ ಚೀಲ ಪ್ರಾಣಕ್ಕೇ ಎರವಾಗುತ್ತದೆ. ಇವೆರಡಕ್ಕೂ ತಡೆ ಬೇಕು. ಎಲ್ಲಕ್ಕಿಂತ ಮುಖ್ಯವಾದುದು ಮುಪ್ಪಿನ ನಿಧಿ. ನೊಗ ಇಳಿಸಿದ ಎತ್ತು ಅನಂತರವೂ ಹಲವು ವರ್ಷ ಬದುಕುತ್ತದೆ. ಯಂತ್ರಕ್ಕೆ ಸವಕಳಿ ನಿಧಿ ಇಡುವ ಉದ್ಯಮಿ, ದುಡಿದು ದಣಿದ ಜೀವಕ್ಕೆ ಪ್ರತಿ ಟಿಕೆಟ್ಟಿನಿಂದ ಒಂದಿಷ್ಟು ತೆಗೆದಿಡುವುದು ನ್ಯಾಯವೂ ಹೌದು, ವ್ಯವಹಾರ ಜಾಣ್ಮೆಯೂ ಹೌದು. ಬಡಕಲು ಎತ್ತನ್ನು ಕಂಡ ಪ್ರವಾಸಿ ಮತ್ತೆ ಬರಲಾರ.

ಉತ್ತರ ಕರ್ನಾಟಕದ ರೈತ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಅನೇಕ ಸಂಗ್ರಹಾಲಯಗಳ ವಾರದ ರಜೆಯೂ ಸೋಮವಾರವೇ. ಹಿಟ್ನಾಳದ ಸೀಮೆಯಲ್ಲಿ ನಾಳೆ ಇಂತಹ ಸಂಗ್ರಹಾಲಯವೊಂದು ತಲೆಯೆತ್ತಿದರೆ, ಅದರ ಮೊದಲ ನಿಯಮವನ್ನು ಹೊಸದಾಗಿ ಬರೆಯಬೇಕಾಗಿಲ್ಲ. ಅದು ಈ ನೆಲದಲ್ಲಿ ಹಿಂದಿನಿಂದಲೂ ಇದೆ.