ವಿರೂಪಾಕ್ಷನ ಗುಡಿಯಲ್ಲಿ ಕಂಚಿಯ ಪಾಲೆಷ್ಟು?

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಬಗ್ಗೆ ಒಂದು ಕಥೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ, ಅಲ್ಲಿನ ಕೈಲಾಸನಾಥ ದೇಗುಲಕ್ಕೆ ಮಾರುಹೋದ, ಶಿಲ್ಪಿಗಳನ್ನು ಕರೆತಂದು ಅಂಥದ್ದೇ ಒಂದನ್ನು ಮಲಪ್ರಭೆಯ ದಡದಲ್ಲಿ ಕಟ್ಟಿಸಿದ ಎಂಬುದು ಅದರ ಸಾರ. ಗೆದ್ದದ್ದು ನಿಜ, ಮಾರುಹೋದದ್ದೂ ನಿಜವಿರಬೇಕು. ಪಲ್ಲವ ರಾಜಸಿಂಹ ಕಟ್ಟಿಸಿದ ಆ ದೇಗುಲವನ್ನು ವಿಕ್ರಮಾದಿತ್ಯ ಕೊಳ್ಳೆ ಹೊಡೆಯಲಿಲ್ಲ. ಅದರ ಸಂಪತ್ತನ್ನು ದೇವರಿಗೇ ಮರಳಿಸಿದ. ಅದನ್ನು ಹೇಳುವ ಅವನ ಕನ್ನಡ ಶಾಸನ ಕಂಚಿಯ ಅದೇ ದೇಗುಲದ ಮಂಟಪದ ಕಂಬದ ಮೇಲಿದೆ. ನೂರು ವರ್ಷ ಹಿಂದೆ ಪಲ್ಲವರು ಬಾದಾಮಿಯನ್ನೇ ಹಿಡಿದಿದ್ದರೆಂಬುದನ್ನು ನೆನೆದರೆ ಈ ಔದಾರ್ಯದ ತೂಕ ತಿಳಿಯುತ್ತದೆ. ಆದರೆ ಅಲ್ಲಿಂದ ಮುಂದೆ ಕಥೆ ಕಲ್ಲಿನ ಸಾಕ್ಷ್ಯವನ್ನು ಬಿಟ್ಟು ಓಡುತ್ತದೆ.

ವಿರೂಪಾಕ್ಷದ ಪಕ್ಕದಲ್ಲೇ, ಸ್ವಲ್ಪ ಉತ್ತರಕ್ಕಿರುವ ಸಂಗಮೇಶ್ವರವನ್ನು ನೋಡಿ. ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ ತನ್ನ ಹೆಸರಿನಲ್ಲೇ ವಿಜಯೇಶ್ವರ ಎಂದು ಕಟ್ಟಿಸಿದ ಗುಡಿ ಇದು. ಅವನ ಆಳ್ವಿಕೆ 696ರಿಂದ 733ರವರೆಗೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾವಿಡ ವಿಮಾನ, ಗರ್ಭಗುಡಿಯ ಸುತ್ತ ಗೋಡೆಯೊಳಗಣ ಪ್ರದಕ್ಷಿಣಾಪಥ, ಅದಕ್ಕೆ ಬೆಳಕು ಕೊಡುವ ಜಾಲಂಧ್ರಗಳು ಎಲ್ಲವೂ ಇಲ್ಲಿವೆ. ಇನ್ನೂ ಹಿಂದಕ್ಕೆ ಹೋದರೆ ಏಳನೇ ಶತಮಾನದ ಬಾದಾಮಿಯ ಮಾಲೆಗಿತ್ತಿ ಶಿವಾಲಯ ಸಿಗುತ್ತದೆ, ಅದೂ ದ್ರಾವಿಡವೇ. ಅಂದಮೇಲೆ ದ್ರಾವಿಡ ವಿಮಾನ ಕಟ್ಟುವುದನ್ನು ಕಲಿಯಲು ಮಲಪ್ರಭೆಯ ಕಲ್ಲುಕುಟಿಗರು ಕಂಚಿಯ ವಿಜಯಕ್ಕಾಗಿ ಕಾಯಬೇಕಿರಲಿಲ್ಲ. ವಿರೂಪಾಕ್ಷದ ವಿಮಾನ ಸಂಗಮೇಶ್ವರದ್ದೇ ದೊಡ್ಡದಾಗಿ ಬೆಳೆದ ರೂಪ.

ಬೆಳೆಯುವಾಗ ಅದಕ್ಕೆ ಸೇರಿಕೊಂಡ ಒಂದು ಅಂಗ ಈ ವಾದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಶಿಖರದ ಮುಂಭಾಗದಿಂದ ಮಂಟಪದ ಮೇಲಕ್ಕೆ ಚಾಚಿಕೊಂಡ ಶುಕನಾಸಿ ಸಂಗಮೇಶ್ವರದಲ್ಲಿಲ್ಲ, ಕಂಚಿಯ ಕೈಲಾಸನಾಥದಲ್ಲೂ ಇಲ್ಲ, ವಿರೂಪಾಕ್ಷದಲ್ಲಿದೆ. ಅದು ಬಂದದ್ದೆಲ್ಲಿಂದ ಎಂದು ಹುಡುಕಲು ದೂರ ಹೋಗಬೇಕಿಲ್ಲ. ಅದೇ ಆವರಣದ ಜಂಬುಲಿಂಗ, ಕಾಡಸಿದ್ಧೇಶ್ವರ ಗುಡಿಗಳ ನಾಗರ ಶಿಖರಗಳ ಮುಂದೆ ನಟರಾಜನನ್ನು ಹೊತ್ತ ಶುಕನಾಸಿಗಳಿವೆ. ಉತ್ತರದ ಶಿಖರದ ಅಂಗವನ್ನು ದಕ್ಷಿಣದ ವಿಮಾನಕ್ಕೆ ಕೂಡಿಸುವ ಧೈರ್ಯ ಬರುವುದು ಎರಡನ್ನೂ ಒಂದೇ ಊರಿನಲ್ಲಿ ಕೆತ್ತಿ ಕೈ ಪಳಗಿದವರಿಗೆ ಮಾತ್ರ. ಮುಂದೆ ಹೊಯ್ಸಳರ ಸಳ ಹುಲಿಯನ್ನು ಇರಿಯುತ್ತ ನಿಂತದ್ದು ಇಂಥ ಶುಕನಾಸಿಯ ಮೇಲೆಯೇ.

ಹಾಗಾದರೆ ಸರ್ವಸಿದ್ಧಿ ಆಚಾರಿಯ ಮಾತೇನು ಎಂದು ಬಲ್ಲವರು ಕೇಳಬಹುದು. ದೇಗುಲದ ಶಾಸನ ಅವನನ್ನು ತೆಂಕಣ ದೆಸೆಯ ಸೂತ್ರಧಾರಿ ಎನ್ನುತ್ತದೆ. ತೆಂಕಣವೆಂದರೆ ಕಂಚಿಯಲ್ಲವೇ ಎಂಬುದು ಆಕ್ಷೇಪ. ಇರಬಹುದು ಎಂದೇ ಒಪ್ಪೋಣ. ಆದರೂ ಒಬ್ಬ ಸೂತ್ರಧಾರಿಯ ಹುಟ್ಟೂರು ಗುಡಿಯ ಹುಟ್ಟೂರಾಗುವುದಿಲ್ಲ. ಕಂಚಿಯಿಂದ ಬಂದವನು ತನ್ನೂರಿನದನ್ನೇ ಇಲ್ಲಿಟ್ಟಿದ್ದರೆ, ಅಲ್ಲಿ ಹೆಜ್ಜೆಹೆಜ್ಜೆಗೂ ಮುಂಗಾಲೆತ್ತಿ ನಿಂತ ಸಿಂಹಗಂಬಗಳು ಇಲ್ಲೂ ಹಾಗೆಯೇ ಸಾಲುಗಟ್ಟಬೇಕಿತ್ತು, ಶುಕನಾಸಿಯ ಗೊಡವೆಯೇ ಇರಬಾರದಿತ್ತು.

ಕಂಚಿಯ ಋಣವೇ ಇಲ್ಲ ಎನ್ನುವುದೂ ಹಟವಾದೀತು. ವಿರೂಪಾಕ್ಷದ ಸುತ್ತಲ ಪ್ರಾಕಾರ, ಅದರ ಒಳಮೈಗೆ ಅಂಟಿ ಕೂತ ಚಿಕ್ಕ ಚಿಕ್ಕ ಗುಡಿಗಳ ಸಾಲು, ಎದುರಿನ ಹೆಬ್ಬಾಗಿಲು ಇವು ಕೈಲಾಸನಾಥದ ಅಂಗಳವನ್ನು ಕಂಡವರ ಯೋಜನೆ ಎನ್ನಲು ನನಗೆ ಅಳುಕಿಲ್ಲ. ಸಂಗಮೇಶ್ವರದ ಸುತ್ತ ಇಂಥ ಏರ್ಪಾಡಿಲ್ಲ. ಎಂದರೆ ಗುಡಿ ಊರಿನದು, ಅಂಗಳದ ಕಲ್ಪನೆ ಕಂಚಿಯದು. ಕಟ್ಟಿಸಿದ್ದಾದರೂ ರಾಜನಲ್ಲ, ರಾಣಿ ಲೋಕಮಹಾದೇವಿ. ಪತಿ ಮೂರು ಸಲ ಕಂಚಿಯನ್ನು ಮಣಿಸಿದ ನೆನಪಿಗೆ, ಲೋಕೇಶ್ವರ ಎಂಬ ಹೆಸರಿನಲ್ಲಿ. ಆ ಕೆಲಸಕ್ಕಾಗಿ ಗುಂಡ ಎಂಬ ಸೂತ್ರಧಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದಿತು. ಅವಳ ತಂಗಿ, ಕಿರಿಯ ರಾಣಿ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ತ್ರೈಲೋಕ್ಯೇಶ್ವರವನ್ನು, ಅಂದರೆ ಇಂದಿನ ಮಲ್ಲಿಕಾರ್ಜುನವನ್ನು ಎತ್ತಿಸಿದಳು.

ಒಂದು ಅಂಗಳ, ಬೇರೆಯಾಗಿ ನಿಂತ ನಂದಿಮಂಟಪ, ಮೂರು ದಿಕ್ಕಿಗೆ ತೆರೆದ ಮುಖಮಂಟಪಗಳ ಸಭಾಮಂಟಪ, ಕೊನೆಗೆ ವಿಮಾನ ಎಂಬ ಈ ಒಟ್ಟಂದವೇ ಮುಂದಿನ ಪೀಳಿಗೆಯಲ್ಲಿ ಎಲ್ಲೋರಕ್ಕೆ ಹೋಯಿತು. ಚಾಲುಕ್ಯರನ್ನು ಕೆಳಗಿಳಿಸಿದ ರಾಷ್ಟ್ರಕೂಟರು, ಒಂದನೇ ಕೃಷ್ಣನ ಕಾಲದಲ್ಲಿ, ಕೈಲಾಸವನ್ನು ಬಂಡೆಯಿಂದ ಬಿಡಿಸಿದಾಗ ಅವರ ಕಣ್ಣೆದುರಿದ್ದ ಮಾದರಿ ವಿರೂಪಾಕ್ಷ. ಪಟ್ಟದಕಲ್ಲಿಗೆ ಹೋಗುವವರು ನೇರ ದೊಡ್ಡ ಗುಡಿಗೆ ನಡೆಯದೆ, ದಾರಿಯಲ್ಲೇ ಸಿಗುವ ಜಂಬುಲಿಂಗದ ಶುಕನಾಸಿಯನ್ನೂ ಸಂಗಮೇಶ್ವರದ ವಿಮಾನವನ್ನೂ ಒಂದು ಸುತ್ತು ನೋಡಿಕೊಂಡು ಆಮೇಲೆ ವಿರೂಪಾಕ್ಷದ ಹೆಬ್ಬಾಗಿಲು ದಾಟಲಿ.